ಗಾಜಿನ ಮನೆಯ ಒಕ್ಕಲು

ಪುತ್ತೂರಿನಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿದ್ದ, ನಾವೆಲ್ಲ ಕಾಕ ಎನ್ನುತ್ತಿದ್ದ ಬ್ಯಾರಿಯವರು ಮೀನು ಮಾರುವುದಕ್ಕಿಂತ ಮಾರದೆ ಕಳಿಸುವುದರಲ್ಲೇ ನಿಸ್ಸೀಮರು. ಅರ್ಧ ನೀರು, ಅರ್ಧ ನೆಲ ಇರುವ ಗಾಜಿನ ತೊಟ್ಟಿ ಮಾಡುವ ಆಸೆಯಿಂದ ನಾನು ಆಮೆ, ಏಡಿ, ಗಪ್ಪಿ ಮೀನು ಎಂದೆಲ್ಲ ಪಟ್ಟಿ ಬರೆದು ಒಯ್ದಿದ್ದೆ. ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಒಂದೊಂದನ್ನೇ ಹೊಡೆದುಹಾಕಿದರು. ಗಪ್ಪಿ ಮಾತ್ರ ಉಳಿಯಿತು.

"ಎರಡಡಿ ತೊಟ್ಟಿಯಲ್ಲಿ ಆಮೆ ಎಂತ ಮಾಡುದು ಟೀಚರೇ? ಮೊದಲು ಮನೆ ಆಗ್ಲಿ, ಮನೆಒಕ್ಕಲು ಮತ್ತೆ."

ತೊಟ್ಟಿಗೆ ಜೀವ ಬಿಡುವುದೇ ಅವರ ಲೆಕ್ಕದಲ್ಲಿ ಗೃಹಪ್ರವೇಶ. ಕಲ್ಲು ಜೋಡಿಸಿ, ಬಾವಿಕಟ್ಟೆಯ ಪಾಚಿ ಹಾಸಿ, ಜರಿಗಿಡ ನೆಟ್ಟೆ. ವಾರವಾರ ಫೋಟೋ ತೋರಿಸಿದರೆ ಒಂದು ಕಣ್ಣು ಮುಚ್ಚಿ ನೋಡಿ ಅದೇ ಮಾತು: "ಬೇರು ಹಿಡೀಲಿ. ಒಕ್ಕಲು ಮತ್ತೆ." ನನಗೆ ಸಿಟ್ಟೇ ಬರುತ್ತಿತ್ತು.

ಕೊನೆಗೊಂದು ಭಾನುವಾರ ಬೆಟ್ಟಂಪಾಡಿಯ ನಮ್ಮ ಮನೆಗೆ ತಾವೇ ಗಪ್ಪಿಗಳ ಚೀಲ ಹಿಡಿದು ಬಂದರು. ತೊಟ್ಟಿಯತ್ತ ಬಗ್ಗಿದವರು ಹಾಗೇ ನಿಂತುಬಿಟ್ಟರು. ಜರಿಗಿಡದ ಎಲೆಯ ಮೇಲೆ ಉಗುರಿನಷ್ಟು ದೊಡ್ಡ ಕಪ್ಪೆಮರಿ ಕೂತಿತ್ತು.

"ಇದನ್ನು ಎಲ್ಲಿಂದ ತಂದದ್ದು?"

"ತಂದದ್ದಲ್ಲ ಕಾಕ, ಅದೇ ಬಂದದ್ದು."

ಅವರ ಮುಖವೆಲ್ಲ ನಗು, ದನಿ ಮಾತ್ರ ಜಗಳದ್ದು: "ಎಂತ ಟೀಚರೇ, ಒಕ್ಕಲು ಮುಗಿಸಿಯೂ ಆಯ್ತು, ನನಗೊಂದು ಹೇಳಿಕೆ ಕಾಗದ ಇಲ್ಲ!"