ಸರಳುಗಳ ಬುಡಕ್ಕೆ ಹೊಯ್ದ ನೀರು

ಕೊಯಮತ್ತೂರಿನಲ್ಲಿ ಭೂವಿಜ್ಞಾನ ಓದುತ್ತಿದ್ದಾಗ ನಮ್ಮ ಮೇಷ್ಟ್ರು ಕ್ಷೇತ್ರಕಾರ್ಯಕ್ಕೆ ಆರಿಸಿದ್ದು ತಿಗನಾರೆಯನ್ನು, ಗಡಿಯಂಚಿನ ನನ್ನೂರನ್ನು. ಬಂಡೆಯೊಳಗಿನ ಸಂದುಗಳಲ್ಲಿ ನೀರಿದ್ದರೆ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಅದೇ ಸಂದುಗಳು ನೆಲಕ್ಕೆ ಕೊಟ್ಟ ಸುತ್ತಿಗೆ ಪೆಟ್ಟಿನ ಕಂಪನವನ್ನು ನಿಧಾನಗೊಳಿಸುತ್ತವೆ. ಜೇಡಿಮಣ್ಣಿನಲ್ಲೂ ವಿದ್ಯುತ್ ಹರಿಯುವುದರಿಂದ ಒಂದು ಅಳತೆಯನ್ನೇ ನಂಬುವಂತಿಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ಅಳೆದು, ಒಂದರಿಂದ ಇನ್ನೊಂದನ್ನು ಊಹಿಸಬಹುದೇ ಎಂದು ನೋಡುವುದು ನನ್ನ ಪ್ರಬಂಧದ ಕೆಲಸ.

ಅಳತೆಯ ಸಾಲು ಬಿದ್ದದ್ದು ಗೌಡರೊಬ್ಬರ ಹೊಲದಲ್ಲಿ. ನಮ್ಮ ಮನೆಯವರೆಲ್ಲ ಕೂಲಿಗೆ ಹೋಗುತ್ತಿದ್ದ ಹೊಲ ಅದು. ಬೇಸಿಗೆ. ಕಬ್ಬಿಣದ ಸರಳುಗಳನ್ನು ನೆಟ್ಟರೂ ಒಣಮಣ್ಣಿಗೆ ಕರೆಂಟು ಇಳಿಯಲಿಲ್ಲ. ಬುಡಕ್ಕೆ ಉಪ್ಪುನೀರು ಹೊಯ್ಯಬೇಕಿತ್ತು. ತಂದಿದ್ದ ಕ್ಯಾನು ಅರ್ಧದಲ್ಲೇ ಬರಿದಾಯಿತು. ಆಗ ಕೈಪಂಪಿನಿಂದ ಮನೆಗೆ ಕುಡಿಯುವ ನೀರು ಹೊತ್ತು ಬರುತ್ತಿದ್ದ ದೊಡ್ಡವ್ವ, ನನ್ನ ಅವ್ವನ ಅಕ್ಕ, ನನ್ನನ್ನು ಕಂಡು ಬದುವಿನ ಮೇಲೆ ನಿಂತಳು. ಏನಾಯಿತೆಂದು ಕೇಳಿ, ನಾನು ಬೇಡವೆನ್ನುವಷ್ಟರಲ್ಲಿ ಕೊಡ ಇಳಿಸಿ, ನಾವು ತಂದಿದ್ದ ಉಪ್ಪು ಬೆರೆಸಿಕೊಂಡು ಸರಳಿನಿಂದ ಸರಳಿಗೆ ಹೊಯ್ಯುತ್ತಾ ಹೋದಳು.

“ಎಲ್ಲಿ ಕೊರಿಬೇಕು ಅಂತ ಗೊತ್ತಾಯ್ತದಾ ಕೂಸೆ?” ಎಂದಳು.

ಬಗ್ಗಿ ಸರಳೊಂದನ್ನು ಸರಿಪಡಿಸಿದೆ. “ಇದು ಬೋರ್‌ಗಲ್ಲ ದೊಡ್ಡವ್ವ. ನನ್ ಓದಿಗೆ,” ಎಂದೆ.

ಅವಳು ಬರಿಗೊಡದೊಳಗೆ ನೋಡಿದಳು. “ಉಯ್ದಿದ್ದು ಉಯ್ದಾಯ್ತು. ನಿನ್ ಕೆಲ್ಸ ಆಗ್ಲಿ ಬುಡು,” ಎಂದು ಮತ್ತೆ ಪಂಪಿನ ಕಡೆ ಹೊರಟಳು. ಅವಳ ಬೆನ್ನನ್ನು ನೋಡಲೂ ನನ್ನಿಂದಾಗಲಿಲ್ಲ.

ಲೆಕ್ಕ ಹಾಕಿದಾಗ ಹುಣಸೆಮರದ ಹತ್ತಿರ ಎರಡು ಅಳತೆಗಳೂ ಒಂದೇ ಮಾತು ಹೇಳಿದವು: ಜೇಡಿಯಲ್ಲ, ನೀರು ತುಂಬಿದ ಬಿರುಕುಬಂಡೆ. ಆ ಜಾಗವನ್ನು ಊರಿಗೆ ತಿಳಿಸೋಣವೆಂದು ಮೇಷ್ಟ್ರನ್ನು ಬೇಡಿಕೊಂಡೆ. ಅವರು ಒಪ್ಪಿ ಪಂಚಾಯ್ತಿಗೂ ಹೇಳಿದರು, ಹೊಲದ ಒಡೆಯರಿಗೂ ಹೇಳಿದರು. ಪಂಚಾಯ್ತಿಯವರು ಯೋಚಿಸುವಷ್ಟರಲ್ಲಿ ಗೌಡರು ಬೋರ್ ಕೊರೆಸಿಬಿಟ್ಟರು. ನೀರು ಚೆನ್ನಾಗಿಯೇ ಬಂತು. ಅವರದೇ ಹೊಲ, ತಪ್ಪು ಎನ್ನಲು ನನಗೆ ಬಾಯಿರಲಿಲ್ಲ.

ಮುಂದಿನ ರಜೆಗೆ ಹೋದಾಗ, ಗೌಡರ ಮೋಟರು ಓಡುವ ಹೊತ್ತು ಕಾದು ನಮ್ಮ ಬೀದಿಯ ಹೆಂಗಸರು ಬೇಲಿಯ ಹೊರಗೇ ಸಾಲಾಗಿ ನಿಂತಿದ್ದರು. ಆಳೊಬ್ಬ ಬೇಲಿಯ ಮೇಲಿಂದ ಪೈಪು ಹಿಡಿದು ಕೊಡಗಳನ್ನು ತುಂಬಿಸುತ್ತಿದ್ದ. ಸಾಲಿನಲ್ಲಿದ್ದ ದೊಡ್ಡವ್ವ ನನ್ನ ಕೈ ಹಿಡಿದೆಳೆದು ಪಕ್ಕದವಳಿಗೆ ಹೇಳಿದಳು: “ಈ ನೀರ ತೋರ್ಸಿದ್ದು ನಮ್ ಉಡ್ಗಿನೇ ಕಣವ್ವ.”

ಅವಳ ದನಿಯಲ್ಲಿ ಹೆಮ್ಮೆಯೇ ಇತ್ತು. ಎಲ್ಲರೂ ನನ್ನತ್ತ ತಿರುಗಿದರು. ನಾನು ಅವಳ ಕೊಡ ಇಸಿದುಕೊಂಡು ಸಾಲಿನಲ್ಲಿ ನಿಂತೆ; ಸರದಿ ಬರುವವರೆಗೂ ಯಾರ ಮುಖವನ್ನೂ ನೋಡಲಿಲ್ಲ.