ಅಕ್ಕನಿಗೆ ಭಯವೇ ಇರಲಿಲ್ಲವೇ?

ಹೋದ ತಿಂಗಳು ಬಂಗಾರಪೇಟೆಯ ಮಾರ್ಕೆಟ್ಟಿಗೆ ಹೊಸ ಹುಣಸೆಹಣ್ಣು ಬಂದಿತ್ತು. ಅಂಗಡಿಯ ಮುಂದೆ ರಾಶಿ ಸುರಿದಿದ್ದರು. ಬಿಸಿಲಿಗೆ ಮೆತ್ತಗಾದ ಆ ಹಣ್ಣಿನ ವಾಸನೆ ಮೂಗಿಗೆ ಬಡಿದದ್ದೇ, ಏನು ಕೊಳ್ಳಲು ಬಂದೆನೆಂಬುದನ್ನೇ ಮರೆತು ನಿಂತುಬಿಟ್ಟೆ. ಪಕ್ಕದ ಮನೆಯ ಅಕ್ಕ ನೆನಪಾದರು... ಎಷ್ಟೋ ವರ್ಷಗಳ ಮೇಲೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮದುವೆಯಾಗಿ ನಮ್ಮ ಹಳ್ಳಿಯಿಂದ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿಗೆ, ಕಾರ್ಮಿಕರ ಸಾಲುಮನೆಗಳ ಲೈನಿನ ಒಂದು ಮನೆಗೆ ಬಂದಿದ್ದೆ. ನಮ್ಮ ಯಜಮಾನರಿಗೆ ಗಣಿಯೊಳಗೆ ಕೆಲಸ. ನಮಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಸುಣ್ಣ ಬಳಿದ ಬಿದಿರಿನ ತಟ್ಟಿ ಅಷ್ಟೇ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳಿಸುತ್ತಿತ್ತು.

ಅಕ್ಕ ತಮಿಳಿನವರು, ಕ್ರೈಸ್ತರು. ಅವರ ಗಂಡನ ಸೊಂಟದ ಮೇಲೆ ಗಣಿಯಲ್ಲಿ ಬಂಡೆ ಬಿದ್ದು, ಅವರು ಮಂಚ ಹಿಡಿದು ವರ್ಷಗಳೇ ಆಗಿದ್ದವು. ಅವರ ಬದಲಿಗೆ ಅಕ್ಕನಿಗೆ ಗಣಿಯ ಕಚೇರಿ ಗುಡಿಸುವ ಕೆಲಸ ಸಿಕ್ಕಿತ್ತು. ಇಬ್ಬರು ಹೆಣ್ಣುಮಕ್ಕಳು. ಇಷ್ಟೆಲ್ಲ ಇದ್ದೂ ಅಕ್ಕನ ಮುಖದಲ್ಲಿ ಚಿಂತೆ ಕಾಣುತ್ತಿರಲಿಲ್ಲ. ನನಗೆ ಅದೇ ಸೋಜಿಗ. ನಮ್ಮೂರಲ್ಲಿ ಎರಡು ಹಸು ಇದ್ದವರೂ ಮೂರನೆಯದಕ್ಕೆ ಕೊರಗುವುದನ್ನು ನೋಡಿ ಬೆಳೆದವಳು ನಾನು.

ಆ ಬೇಸಿಗೆಯಲ್ಲಿ ಗಣಿಯಲ್ಲಿ ಮುಷ್ಕರ ಶುರುವಾಯಿತು. ಇಂದು ಮುಗಿಯುತ್ತದೆ, ನಾಳೆ ಮುಗಿಯುತ್ತದೆ ಅಂದುಕೊಳ್ಳುತ್ತಲೇ ಮನೆಮನೆಯ ಡಬ್ಬಗಳೂ ಖಾಲಿಯಾದವು. ಕಚೇರಿಗೂ ಬೀಗ ಬಿದ್ದು ಅಕ್ಕನ ಸಂಬಳವೂ ನಿಂತಿತು. ನಾನಾಗ ಬಸುರಿ.

"ಊರ್ಗೆ ಓಗ್ಬುಡು. ಇಲ್ಲಿದ್ರೆ ನಿಂಗೂ ಇಲ್ಲ, ಒಟ್ಟೇಲಿರೋ ಕೂಸ್ಗೂ ಇಲ್ಲ," ಎಂದರು ನಮ್ಮ ಯಜಮಾನರು. ಊರಲ್ಲಿ ಅಣ್ಣ ಅತ್ತಿಗೆ ಕೂಲಿಗೆ ಹೋಗಿ ಉಣ್ಣುವವರು. ಅವರ ತಟ್ಟೆಗೆ ಹೇಗೆ ಕೈ ಹಾಕಲಿ ಎಂದು ಅಳುತ್ತಾ ಕೂತಿದ್ದೆ. ತಟ್ಟಿಯಾಚೆ ಕೇಳಿಸಿತೋ ಏನೋ, ಅಕ್ಕ ಸೆರಗಿನ ಮರೆಯಲ್ಲಿ ಮೊರ ಹಿಡಿದು ಬಂದರು. ಅದರಲ್ಲಿ ಅಕ್ಕಿ.

"ಗಂಜಿ ಕಾಯ್ಸ್ಕೊಂಡು ಕುಡಿ ಕಣ್ಣು. ಬಸ್ರಿ ಉಪವಾಸ ಇರ್ಬಾರ್ದು." ಅಕ್ಕರೆ ಬಂದಾಗ ಅವರು ತಮಿಳಿನವರ ರೂಢಿಯಂತೆ 'ಕಣ್ಣು' ಎಂದೇ ನನ್ನನ್ನು ಕರೆಯುತ್ತಿದ್ದರು.

ಅವರ ಡಬ್ಬದ ತಳ ಕೆರೆದ ಸದ್ದು ಆಗಷ್ಟೇ ನನ್ನ ಕಿವಿಗೂ ಬಿದ್ದಿತ್ತು. "ನಿಮ್ಗೆ ಅಕ್ಕಾ?" ಎಂದೆ.

"ಇವತ್ತಿಗೆ ಐತೆ."

"ನಾಳೀಕೆ?"

"ನಾಳೆ ಬೆಳಿಗ್ಗೆ ಯೇಸಪ್ಪನ್ನ ಕೇಳ್ತೀನಿ. ನಾಳೇದು ಇವತ್ತೇ ಯಾಕಮ್ಮಾ?" ಎಂದು ನಕ್ಕು ಹೋದರು.

ಮಾರನೆಯ ಬೆಳಿಗ್ಗೆ ನಾನು ತಟ್ಟಿಗೆ ಕಿವಿಯಿಟ್ಟು ಕೂತೆ. ಏನು ಕೇಳುತ್ತಾರೆ, ಹೇಗೆ ಕೇಳುತ್ತಾರೆ ಎಂದು ತಿಳಿಯಬೇಕಿತ್ತು. ಅಷ್ಟು ಹೊತ್ತಿಗೆ ನನಗೂ ತಮಿಳು ಒಂದಿಷ್ಟು ಅರ್ಥವಾಗುತ್ತಿತ್ತು. ದೊಡ್ಡ ದೊಡ್ಡ ಮಾತುಗಳಿರಬಹುದು, ಅಳು ಇರಬಹುದು ಅಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ. ಮನೆಯ ಹಿರಿಯರಿಗೆ ಹೇಳುವ ಹಾಗೆ ಹೇಳಿದರು. ಅಕ್ಕಿ ಮುಗಿಯಿತು. ಮಂಚದಲ್ಲಿ ಮಲಗಿದವರ ಬೆನ್ನಿನ ಹುಣ್ಣು ಮತ್ತೆ ಒಡೆದಿದೆ. ಚಿಕ್ಕವಳ ಚಪ್ಪಲಿ ಕಿತ್ತಿದೆ. ಇವತ್ತು ನಾನೇನು ಮಾಡಲಿ, ತೋರಿಸು ತಂದೆ... ಆಮೇಲೆ ಮೌನ. ಎಷ್ಟು ಹೊತ್ತೆಂದರೆ, ಅಕ್ಕ ಅಲ್ಲೇ ಇದ್ದಾರೋ ಇಲ್ಲವೋ ಎಂದು ನನಗೇ ಅನುಮಾನ ಬಂತು.

ಬಳಿಕ ಬಾಗಿಲು ತೆರೆದ ಸದ್ದು. ಕೈಚೀಲ ಹಿಡಿದು ಹೊರಟಿದ್ದರು.

"ಎಲ್ಗಕ್ಕಾ?"

"ಗೊತ್ತಿಲ್ಲಮ್ಮಾ. ಬಂಗಾರಪೇಟೆಗೆ ಹೋಗಿ ನೋಡ್ತೀನಿ."

ಸಂಜೆಯ ರೈಲಿಗೆ ಮರಳಿದಾಗ ಅವರ ಬೆರಳುಗಳೆಲ್ಲ ಕಪ್ಪಾಗಿದ್ದವು. ಚೀಲದಲ್ಲಿ ಅಕ್ಕಿಯಿತ್ತು. ಅಂಗಡಿ ಅಂಗಡಿ ತಿರುಗಿದರಂತೆ, ಎಲ್ಲ ಕಡೆ ಕೆಲಸ ಇಲ್ಲವೆಂದರಂತೆ. ಕಡೆಗೆ ಒಂದು ಮಂಡಿಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯಲು ಜನ ಬೇಕಿತ್ತಂತೆ. ಇಷ್ಟಕ್ಕೆ ಸುಮ್ಮನಾಗಲಿಲ್ಲ. ಲೈನಿನ ಪ್ರತಿ ಬಾಗಿಲಿಗೂ ಹೋಗಿ, "ಕೆಲ್ಸ ಐತೆ, ನಾಳೆ ನನ್ ಜೊತೆ ಬನ್ನಿ" ಎಂದು ಹೆಂಗಸರನ್ನು ಕರೆದರು.

ನಮ್ಮ ಯಜಮಾನರಿಗೆ ಸಿಟ್ಟು ಬಂತು. "ಗಣಿ ಕೆಲ್ಸದೋನ ಎಂಡ್ತಿ ಉಣಸೇಣ್ಣು ಬಿಡಿಸಾಕೆ ಓಗ್ತಾಳಾ?" ಎಂದರು.

"ತಮ್ಮಾ, ಕೂತು ಮಾಡೋ ಕೆಲ್ಸ. ನನ್ ಪಕ್ಕದಲ್ಲೇ ಕೂರಿಸ್ಕೊಳ್ತೀನಿ. ಭಾರ ಎತ್ತೋಕೆ ಬಿಡಲ್ಲ," ಎಂದರು ಅಕ್ಕ. ಮಾರನೆಯ ಬೆಳಿಗ್ಗೆ ಯಜಮಾನರೇ ನನ್ನನ್ನು ಸ್ಟೇಷನ್ನಿನವರೆಗೆ ಬಿಟ್ಟುಬಂದರು.

ಹೀಗೆ ಮುಷ್ಕರ ಮುಗಿಯುವವರೆಗೂ ನಾವು ಒಂದಷ್ಟು ಹೆಂಗಸರು ಬೆಳಗಿನ ರೈಲಿಗೆ ಬಂಗಾರಪೇಟೆಗೆ ಹೋಗಿ ಬಂದೆವು. ಒಂದು ಮಧ್ಯಾಹ್ನ, ಕೈ ಕೆಲಸ ಮಾಡುತ್ತಿರುವಾಗಲೇ ಕೇಳಿಬಿಟ್ಟೆ. "ಅಕ್ಕಾ, ನಿಮ್ಗೆ ಬಯ ಅನ್ನೋದೇ ಇಲ್ವಾ?"

ಅವರು ತಲೆಯೆತ್ತದೆ ಹೇಳಿದರು. ಗಂಡನಿಗೆ ಏಟು ಬಿದ್ದ ವರ್ಷ ಅವರಿಗೆ ನಿದ್ದೆಯೇ ಇರಲಿಲ್ಲವಂತೆ. ನಾಳೆಗೆ ಬೇಕು, ನಾಡಿದ್ದಿಗೆ ಬೇಕು ಎಂದು ರೇಷನ್ ಅಕ್ಕಿಯನ್ನು ಟ್ರಂಕಿನಲ್ಲಿ ಬಚ್ಚಿಟ್ಟು ಬೀಗ ಹಾಕುತ್ತಿದ್ದರಂತೆ. ಮಕ್ಕಳಿಗೆ ಅರೆಹೊಟ್ಟೆ. ಮಳೆಗಾಲದಲ್ಲಿ ಬೀಗ ತೆಗೆದು ನೋಡಿದರೆ ಅಕ್ಕಿಯೆಲ್ಲ ಮುಗ್ಗಿ, ಹುಳ ಬಿದ್ದು ಕಪ್ಪಾಗಿತ್ತು.

"ದೊಡ್ಡವಳು ನೋಡ್ಬಿಟ್ಟಳು ಕಣ್ಣು. 'ಅಕ್ಕಿ ಇತ್ತಲ್ಲಮ್ಮಾ, ಮತ್ತೆ ನಾವ್ಯಾಕೆ ಹಸ್ಕೊಂಡಿದ್ವಿ?' ಅಂದ್ಳು. ಹುಳ ತಿಂದಿದ್ದಲ್ಲ, ನನ್ ಭಯ ತಿಂದಿದ್ದು ಅದನ್ನ. ಆವತ್ತು ಮೊಣಕಾಲೂರಿ ಅತ್ತೆ. ಇನ್ಮೇಲೆ ದಿನಾ ಆ ದಿನದ್ದು ಮಾತ್ರ ಕೇಳ್ತೀನಿ ಯೇಸಪ್ಪಾ, ಮಿಕ್ಕಿದ್ದು ನೀನೇ ಇಟ್ಕೋ ಅಂದೆ."

ಮುಷ್ಕರ ಮುಗಿಯಿತು. ನನ್ನ ಮಗ ಹುಟ್ಟಿದಾಗ ಮೊದಲು ಎತ್ತಿಕೊಂಡವರು ಅವರೇ. ಕೆಲವು ವರ್ಷಗಳ ಮೇಲೆ ಅವರ ಗಂಡ ತೀರಿಕೊಂಡರು. ದೊಡ್ಡ ಮಗಳಿಗೆ ವೆಲ್ಲೂರಿನಲ್ಲಿ ನರ್ಸ್ ಕೆಲಸ ಸಿಕ್ಕಿ, ಅಕ್ಕನೂ ಮಕ್ಕಳ ಜೊತೆ ಹೊರಟುಹೋದರು.

ತೊಂಬತ್ತರ ದಶಕದ ಕೊನೆಗೆ ಒಮ್ಮೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಆ ದೊಡ್ಡ ಮಗಳು ಸಿಕ್ಕಿದಳು. ಅವಳೇ ನನ್ನ ಗುರುತು ಹಿಡಿದಳು. "ಅಮ್ಮ ಹೋಗ್ಬಿಟ್ರು ಆಂಟಿ. ಈಸ್ಟರ್‌ಗೆ ಮುಂಚೆ... ಅಲ್ಲೇ ಮಣ್ಣು ಮಾಡಿದ್ವಿ," ಎಂದಳು. ಅವಳ ಕೈ ಹಿಡಿದುಕೊಂಡು, "ನಿಮ್ಮಮ್ಮ ಯಾವತ್ತೂ ಎದರಿದೋರಲ್ಲ ಬುಡು," ಎಂದೆ.

ಅವಳು ತಲೆಯಾಡಿಸಿದಳು. "ಹೆದರ್ತಿದ್ರು ಆಂಟಿ. ದಿನಾ ಬೆಳಿಗ್ಗೆ ಎದ್ದಾಗ ಕೈ ನಡುಗ್ತಿತ್ತು. ಅದಕ್ಕೇ ದಿನಾ ಪ್ರಾರ್ಥನೆ. ಎದ್ದು ಬರೋವಾಗ ನಡುಕ ಇರ್ತಿರ್ಲಿಲ್ಲ."

ಅಷ್ಟರಲ್ಲಿ ಅವಳ ರೈಲು ಬಂತು.

ನಾನು ಚರ್ಚಿಗೆ ಹೋದವಳಲ್ಲ. ನಮ್ಮ ಮನೆದೇವರಿಗೇ ದೀಪ ಹಚ್ಚುತ್ತೇನೆ. ಗಣಿ ಮುಚ್ಚಿತು, ಯಜಮಾನರೂ ಹೋದರು. ಈಗ ಬೆಳಗಾದರೆ ನನಗೂ ಎದೆಯಲ್ಲಿ ಅಂಥದೇ ಒಂದು ನಡುಕ. ಅಕ್ಕನ ನಡುಕ ನಿಲ್ಲುತ್ತಿದ್ದದ್ದು ಯಾವ ಗಳಿಗೆಯಲ್ಲಿ? ಎಲ್ಲವನ್ನೂ ಹೇಳಿಕೊಳ್ಳುವಾಗಲೋ, ಆಮೇಲಿನ ಆ ಮೌನದಲ್ಲೋ... ಕೇಳೋಣವೆಂದರೆ ಅಕ್ಕ ಇಲ್ಲ.