ಹೊಸ ಸಾಮಾನನ್ನು ಕಣ್ಣಿಗೊತ್ತಿಕೊಳ್ಳುವ ಸಿದ್ದಲಿಂಗ

ಸಿಂದಗಿಯ ಸಿದ್ದಲಿಂಗನಿಗೆ ಇರುವುದು ಒಂದೇ ಕಣ್ಣು. ಎಡಗಣ್ಣನ್ನು ಎಂಟನೆಯ ವಯಸ್ಸಿನಲ್ಲೇ ಜಾಲಿಮುಳ್ಳು ತಿಂದಿತ್ತು. ಉಳಿದ ಒಂದರಲ್ಲೇ ಇಪ್ಪತ್ತಾರು ವರ್ಷ ಟೆಲಿಫೋನ್ ಕಂಬ ಹತ್ತಿದ, ತಾಮ್ರದ ತಂತಿ ಜೋಡಿಸಿದ. ತಂತಿಯ ಕಾಲ ಮುಗಿದು ಗಾಜಿನ ಎಳೆಯ ಕೇಬಲ್ ಬಂದಾಗ ಅದನ್ನೂ ಕಲಿತ. ಕೂದಲಿನಷ್ಟು ತೆಳ್ಳಗಿನ ಎಳೆಯನ್ನು ಅವನಷ್ಟು ನಾಜೂಕಾಗಿ ಕೂಡಿಸುವವರು ಇಂಡಿ, ಸಿಂದಗಿ ಎರಡೂ ತಾಲೂಕು ಹುಡುಕಿದರೂ ಸಿಗುವುದಿಲ್ಲ. ಈ ಮಾತನ್ನು ಅವನೇ ಹೇಳಿಕೊಳ್ಳುತ್ತಾನೆ, ಆದರೆ ಸುಳ್ಳಲ್ಲ.

ಅವನದೊಂದು ರೂಢಿ. ಹೊಸ ಸಾಮಾನು ಏನೇ ಬರಲಿ, ಮೊದಲು ಕಣ್ಣಿಗೊತ್ತಿಕೊಳ್ಳಬೇಕು. ಅಪ್ಪ ಹೊಸ ಕುಡಗೋಲನ್ನು ಒತ್ತಿಕೊಳ್ಳುತ್ತಿದ್ದ, ಮಗ ಕೇಬಲ್ ಸಾಮಾನಿನ ಡಬ್ಬಿಯನ್ನು ಒತ್ತಿಕೊಳ್ಳುತ್ತಾನೆ. ಡಬ್ಬಿ ಮುಚ್ಚಿರುವವರೆಗೆ ಇದರಿಂದ ಯಾರಿಗೂ ತೊಂದರೆಯಿಲ್ಲ.

ಹೋದ ವರ್ಷ ಮೋರಟಗಿಯಲ್ಲಿ, ಕೇಬಲ್ಲಿನೊಳಗೆ ಬೆಳಕು ಬಿಡುವ ಬೆರಳುದ್ದದ ಮಾಡ್ಯೂಲ್ ಸುಟ್ಟು ಊರಿನ ಇಂಟರ್ನೆಟ್ ನಿಂತಿತು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರವೂ ಬಂದ್ ಆಗಿ ಬೆಳಿಗ್ಗೆಯಿಂದ ಮಂದಿಯ ಪಾಳಿ ಬೆಳೆದಿತ್ತು. ಸಿದ್ದಲಿಂಗ ಊರಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಬಂದದ್ದೇ ತಡ, ಅಂಗಡಿಯ ರಮಜಾನ ಬಾಗಿಲಿಗೇ ಬಂದು ನಿಂತ.

"ಲಗೂ ಮಾಡ್ರಿ ಸಿದ್ದಲಿಂಗಣ್ಣ, ಮಂದಿ ನನ್ನ ತಲಿ ತಿನ್ನಾಕತ್ತಾರ!"

ಜೊತೆಗೆ ಬಂದಿದ್ದ ಎಂಜಿನಿಯರ್ ಸಾಕ್ಷಿ ಬೆಳಕು ಅಳೆಯುವ ಮೀಟರ್ ಹಿಡಿದು ಪಕ್ಕದಲ್ಲಿ ಕೂತಿದ್ದಳು. ಸಿದ್ದಲಿಂಗ ಮಣಿಕಟ್ಟಿಗೆ ಮೈಯ ಸ್ಥಿರವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಪಟ್ಟಿ ಕಟ್ಟಿಕೊಂಡ, ಹಳೆಯದನ್ನು ಕಿತ್ತು ಹೊಸ ಮಾಡ್ಯೂಲ್ ಕೂಡಿಸಿದ, ಹೊಸ ಕೇಬಲ್ಲಿನ ಒಂದು ತುದಿಯನ್ನು ಅದಕ್ಕೆ ಸಿಕ್ಕಿಸಿದ. ಇನ್ನೊಂದು ತುದಿಯ ಟೋಪಿ ತೆಗೆದಾಗ ನೆನಪಾಯಿತು. ಅವಸರದಲ್ಲಿ ಕಣ್ಣಿಗೊತ್ತಿಕೊಳ್ಳುವುದನ್ನೇ ಮರೆತಿದ್ದ! ಮನಸ್ಸಿಗೆ ಕಸಿವಿಸಿಯಾಯಿತು. ಕೈ ತಾನಾಗಿಯೇ ಆ ತುದಿಯನ್ನು ಕಣ್ಣಿನ ಕಡೆಗೆ ಒಯ್ದಿತು.

ಸಾಕ್ಷಿ ಗಬಕ್ಕನೆ ಅವನ ಕೈ ಹಿಡಿದಳು.

"ಕಾಕಾ, ಏನ್ ಮಾಡಾಕತ್ತೀರಿ!"

"ಕೈ ಬಿಡ್ರಿ ಮೇಡಂ, ನಮಸ್ಕಾರ ಮಾಡಾಕತ್ತೇನಿ."

ಅವಳು ಆ ತುದಿಯನ್ನು ಮೀಟರಿಗೆ ಸಿಕ್ಕಿಸಿದಳು. ಅಂಕಿ ಮೂಡಿತು. ಲೇಸರ್ ಹರಿಯುತ್ತಿತ್ತು, ಕಣ್ಣಿಗೆ ಕಾಣದ, ಕಣ್ಣಿಗೇ ಕೇಡಾದ ಬೆಳಕು. ತುದಿಯೊಳಗೆ ನೋಡಬೇಡಿ ಎಂದು ಎಷ್ಟೋ ಜನರಿಗೆ ಅವನೇ ಹೇಳಿದ್ದ.

ಸಿದ್ದಲಿಂಗ ನೆಲದ ಮೇಲೆ ಕೂತುಬಿಟ್ಟ. ಅಷ್ಟು ಭಯ ಅವನಿಗೆ ಯಾವ ಕಂಬದ ಮೇಲೂ ಆಗಿರಲಿಲ್ಲ.

"ಇದೊಂದ ಐತ್ರಿ ಮೇಡಂ ನನಗ," ಎಂದ.

"ಗೊತ್ತೈತಿ ಕಾಕಾ. ನೀರು ಕುಡೀರಿ."

ಬೆರಳು ತಾಗಿದ್ದ ತುದಿಯನ್ನು ಒರೆಸಿ, ಮತ್ತೆ ಅಳೆದು, ಕೆಲಸ ಮುಗಿಸಿದರು. ರಮಜಾನನ ಯಂತ್ರ ಹೆಬ್ಬೆಟ್ಟು ತೆಗೆದುಕೊಳ್ಳತೊಡಗಿತು.

ಸಾಕ್ಷಿ ಈ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಸಿದ್ದಲಿಂಗ ಮಾತ್ರ ಒಂದು ತಿಂಗಳು ಒಳಗೊಳಗೇ ಕೊರಗಿದ. ಆಮೇಲೆ ಬಸವನ ಬಾಗೇವಾಡಿಯಲ್ಲಿ ನಾಲ್ಕು ತಾಲೂಕಿನ ಹದಿನಾಲ್ಕು ಲೈನ್‌ಮನ್‌ಗಳಿಗೆ ತರಬೇತಿ ನಡೆಯಿತು. ಕಲಿಸಲು ಇವನನ್ನೇ ಕರೆದಿದ್ದರು.

"ಹೊಸಾ ಸಾಮಾನ ಕಣ್ಣಿಗೊತ್ಕೊಳ್ಳೋರು ಯಾರ್ಯಾರ ಅದೀರಿ?" ಎಂದು ಕೇಳಿದ. ಯಾರೂ ಕೈ ಎತ್ತಲಿಲ್ಲ. ಮುದ್ದೇಬಿಹಾಳದ ಕಾಂತು ಕಿಸಕ್ಕನೆ ನಕ್ಕ.

ಸಿದ್ದಲಿಂಗ ತನ್ನ ಕೈ ಎತ್ತಿದ. ಮೋರಟಗಿಯದನ್ನೆಲ್ಲ ಹೇಳಿದ, ನಾಚಿಕೆಪಟ್ಟದ್ದನ್ನೂ ಬಿಡದೆ. ಮತ್ತೆ ಅದೇ ಪ್ರಶ್ನೆ ಕೇಳಿದ.

ಮೊದಲು ಎದ್ದದ್ದು ಕಾಂತುವಿನ ಕೈ. ಆಮೇಲೆ ಒಂದೊಂದಾಗಿ ಎದ್ದವು. ಸಿದ್ದಲಿಂಗ ಎಣಿಸಿದ. ಹನ್ನೊಂದು ಮಂದಿ, ಇಪ್ಪತ್ತೆರಡು ಕಣ್ಣು.